ಗೆರೆಯ ನಡುವಿನ ಖಾಲಿ ಜಾಗ

ಕೇಳುಗರಿಗೆ ನಮಸ್ಕಾರ.

ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಒಂದು ಕೇಂದ್ರ ಇದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಅಲ್ಲಿ ಅಳೆಯುತ್ತಾರೆ. ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಇದನ್ನು ಶುರು ಮಾಡಿದ್ದು 1958ರಲ್ಲಿ. ಆಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ವಾತಾವರಣ ಬದಲಾಗುತ್ತಿದೆ ಅಂತ ನಾವು ಇಷ್ಟು ಗಟ್ಟಿಯಾಗಿ ಹೇಳುತ್ತೇವಲ್ಲ, ಆ ಮಾತಿಗೆ ದೊಡ್ಡ ಆಧಾರ ಈ ಅಳತೆಗಳೇ.

ಈ ಅಳತೆಗಳ ಗ್ರಾಫನ್ನು ಹತ್ತಿರದಿಂದ ನೋಡಿ. ಪ್ರತಿ ವರ್ಷ ಗೆರೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಹಾಗೇ ಮೇಲೆ ಮೇಲೆ ಹೋಗುತ್ತದೆ. 1964ರ ಆರಂಭಕ್ಕೆ ಬಂದಾಗ ಮಾತ್ರ ಅದು ಕಡಿದುಹೋಗಿದೆ. ಕೆಲವು ತಿಂಗಳ ಅಳತೆಯೇ ಇಲ್ಲ. ಕಾರಣ, ಆ ಹೊತ್ತಿನ ಸರ್ಕಾರಿ ಖರ್ಚು ಕಡಿತ. ಆಮೇಲೆ ಕೆಲಸ ಮತ್ತೆ ಶುರುವಾಯಿತು, ನಿಜ. ಆದರೆ ಆ ತಿಂಗಳುಗಳ ಗಾಳಿಯನ್ನು ಈಗ ಎಲ್ಲಿಂದ ತರುವುದು?

ನನ್ನ ಕಳವಳ ಇದೇ. ಈ ವರ್ಷ ಹಾಕದ ರಸ್ತೆಯನ್ನು ಮುಂದಿನ ವರ್ಷ ಹಾಕಬಹುದು. ಈ ವರ್ಷ ಅಳೆಯದ ಗಾಳಿಯನ್ನು ಮುಂದಿನ ವರ್ಷ ಅಳೆಯೋಕಾಗಲ್ಲ.

ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದಲ್ಲಿ ಬ್ರಿಟಿಷ್ ವಿಜ್ಞಾನಿಗಳು 1957ರಿಂದ ಓಜೋನ್ ಅಳೆಯುತ್ತಿದ್ದರು. ಸೂರ್ಯನ ಹಾನಿಕರ ಕಿರಣಗಳನ್ನು ಆಕಾಶದಲ್ಲೇ ತಡೆಯುವ ಅನಿಲ ಅದು. ವರ್ಷಗಟ್ಟಲೆ ಅದೇ ಕೆಲಸ, ಅದೇ ಚಳಿ. ಓಜೋನ್ ಪದರದ ರಂಧ್ರದ ಸುದ್ದಿ ಅವರು ಜಗತ್ತಿಗೆ ಹೇಳಿದ್ದು 1985ರಲ್ಲಿ. ಎರಡೇ ವರ್ಷದಲ್ಲಿ, ಓಜೋನ್ ಹಾಳುಮಾಡುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು. ನಡುವೆ ಯಾರಾದರೂ 'ಇಷ್ಟು ವರ್ಷ ಅಳೆದು ಏನು ಸಿಕ್ಕಿತು' ಅಂತ ಹಣ ನಿಲ್ಲಿಸಿದ್ದರೆ? ಇಂಥ ಕೆಲಸಕ್ಕೆ ಕಂಪನಿಗಳು ಸುಲಭಕ್ಕೆ ದುಡ್ಡು ಹಾಕುವುದಿಲ್ಲ. ಲಾಭ ಯಾವಾಗ, ಯಾರಿಗೆ ಅಂತ ಹೇಳೋಕಾಗಲ್ಲ ಅಲ್ವಾ? ಅದಕ್ಕೇ ಇದು ಸರ್ಕಾರದ ಹೊಣೆ.

ಪ್ರಯೋಗಾಲಯಗಳಲ್ಲೂ ಇದೇ ಕಥೆ. ಗಾಜಿನ ತಟ್ಟೆಯಲ್ಲಿ ಬೆಳೆಸುವ ಜೀವಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಹೊಸ ಆಹಾರ ಹಾಕಬೇಕು. ಭಾನುವಾರವಾದರೂ ಸರಿ, ಒಬ್ಬ ವಿದ್ಯಾರ್ಥಿ ಬಂದು ಹಾಕುತ್ತಾಳೆ. ಅವಳ ಸ್ಟೈಪೆಂಡ್ ಆರು ತಿಂಗಳು ನಿಂತರೆ ಅವಳು ಬೇರೆ ಕೆಲಸ ಹುಡುಕಿಕೊಳ್ಳುತ್ತಾಳೆ. ಅವಳ ಕೈಗೆ ಬಂದಿದ್ದ ಕಸುಬೂ ಅವಳ ಜೊತೆಗೇ ಹೋಗುತ್ತದೆ.

ಸರ್ಕಾರಗಳಿಗೆ ಕಷ್ಟದ ವರ್ಷಗಳು ಬರುತ್ತವೆ, ಒಪ್ಪುತ್ತೇನೆ. ಹೊಸ ಕಟ್ಟಡ ಒಂದು ವರ್ಷ ಕಾಯಲಿ. ದೊಡ್ಡ ಸಮ್ಮೇಳನವೂ ಕಾಯಲಿ. ಆದರೆ ದಶಕಗಳಿಂದ ನಡೆದುಬಂದ ಅಳತೆಗಳಿಗೆ, ವಿದ್ಯಾರ್ಥಿಗಳ ಸ್ಟೈಪೆಂಡಿಗೆ ಕತ್ತರಿ ಹಾಕಬಾರದು. ಮುಂದಿನ ಬಜೆಟ್‌ಗೆ ಮೊದಲು ನಿಮ್ಮ ಜನಪ್ರತಿನಿಧಿಗೆ ಒಂದು ಕಾಗದ ಬರೆಯಿರಿ. ಈ ಎರಡಕ್ಕೂ ಎಷ್ಟು ಹಣ ಇಟ್ಟಿದ್ದೀರಿ ಅಂತ ಕೇಳಿ.

ನಮಸ್ಕಾರ.