ಅಟ್ಲಾಂಟಾ: ಕಮಿಂಗ್‌ನಿಂದ ರಿವರ್‌ಡೇಲ್ ತನಕ

ನಮಸ್ಕಾರ ಎಲ್ಲರಿಗೂ. ಅಟ್ಲಾಂಟಾಗೆ ಶಿಫ್ಟ್ ಆಗಬಹುದಾ, ಊರು ಹೇಗಿದೆ ಅಂತ ತುಂಬಾ ಜನ ಕೇಳುತ್ತಿದ್ದೀರಿ. ನ್ಯೂಜೆರ್ಸಿ ಚಳಿ ಸಾಕಾದವರಿದ್ದೀರಿ, ಬೆಂಗಳೂರಲ್ಲಿ ಆಫರ್ ಲೆಟರ್ ಹಿಡಿದು ಕೂತವರೂ ಇದ್ದೀರಿ. ಬನ್ನಿ, ಖಂಡಿತ ಬನ್ನಿ. ನನಗಂತೂ ಈ ಊರು ಅಂದರೆ ಪ್ರಾಣ. ಆದರೆ ಬಾಡಿಗೆ ಎಷ್ಟು, ಶಾಲೆಗೆ ರೇಟಿಂಗ್ ಎಷ್ಟು ಅಂತ ಹೇಳಿ ಮುಗಿಸಲು ನನಗೆ ಇಷ್ಟವಿಲ್ಲ. ಇವತ್ತು ಕ್ಯಾಮೆರಾ ಕಾರಿನ ಮುಂದೆ ಕೂರಿಸಿದ್ದೇನೆ. ಉತ್ತರದ ಕಮಿಂಗ್‌ನಿಂದ ಊರ ನಡುವೆ ಹಾದು ದಕ್ಷಿಣದ ರಿವರ್‌ಡೇಲ್ ದೇವಸ್ಥಾನಕ್ಕೆ ಹೋಗೋಣ. ಇಲ್ಲಿನ ಎಷ್ಟೋ ಕನ್ನಡದ ಮನೆಗಳಿಗೆ ಗೊತ್ತಿರುವ ದಾರಿ ಇದು.

ಏಪ್ರಿಲ್ ಶುರುವಾಗಿದೆ. ರಸ್ತೆ ಪಕ್ಕದ ಬಿಳಿ ಹೂವು ಡಾಗ್‌ವುಡ್. ಕಾರಿನ ಮೇಲೆ ಅರಿಶಿನ ಉದುರಿಸಿದ ಹಾಗೆ ಬಿದ್ದಿರುವುದು ಪೈನ್ ಮರದ ಪರಾಗ. ಅಲರ್ಜಿ ಇರುವವರು ಮಾರ್ಚ್‌ನಲ್ಲೇ ಮಾತ್ರೆ ತಂದಿಟ್ಟುಕೊಳ್ಳಿ. ಇಷ್ಟು ದೊಡ್ಡ ಊರಲ್ಲಿ ಇಷ್ಟೊಂದು ಮರ ಉಳಿದಿರುವುದನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ.

ಒಂದು ನಿಮಿಷ ನಿಲ್ಲಿಸೋಣ. ಈ ಅಮ್ಮ ಮಾರುತ್ತಿರುವುದು ಬೇಯಿಸಿದ ಕಡಲೆಕಾಯಿ. ಹೌದು, ಸಿಪ್ಪೆ ಸಮೇತ ಉಪ್ಪು ನೀರಲ್ಲಿ ಬೇಯಿಸಿದ್ದು! ಎರಡು ದೊಡ್ಡ ಪಾತ್ರೆ ಇದೆ. ಒಂದರಲ್ಲಿ ಬರೀ ಉಪ್ಪು, ಇನ್ನೊಂದರಲ್ಲಿ ಖಾರದ ಮಸಾಲೆ. ಜಾಲರಿ ಸೌಟಿನಿಂದ ಎತ್ತಿ, ನೀರು ಸೋರಿಸಿ, ಬಿಸಿ ಬಿಸಿಯಾಗಿ ಕವರ್‌ಗೆ ತುಂಬುತ್ತಾರೆ. ಅಮೆರಿಕದಲ್ಲಿ ಅತಿ ಜಾಸ್ತಿ ಕಡಲೆಕಾಯಿ ಬೆಳೆಯುವ ರಾಜ್ಯ ಈ ಜಾರ್ಜಿಯಾ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಕೂಡ ಕಡಲೆಕಾಯಿ ಬೆಳೆಯುವ ಮನೆಯಿಂದಲೇ ಬಂದವರು. ಇಲ್ಲಿನ ಹೋಟೆಲ್‌ಗಳಲ್ಲಿ ಹುರಿದ ಬೆಂಡೆಕಾಯಿಯೂ ಸಿಗುತ್ತದೆ. ಈ ನೆಲಕ್ಕೆ ಬೆಂಡೆ ಬಂದದ್ದು ಆಫ್ರಿಕಾದಿಂದ, ಗುಲಾಮರನ್ನು ಸಾಗಿಸಿದ ದಿನಗಳಲ್ಲಿ. ಕವರ್ ಕೊಡುವಾಗ ಅಮ್ಮ ನನ್ನನ್ನು 'ಹನಿ', ಅಂದರೆ ಇಂಗ್ಲಿಷ್‌ನ ಜೇನು, ಅಂತ ಪ್ರೀತಿಯಿಂದ ಕರೆದರು. ಇಲ್ಲಿ ಗುರುತು ಪರಿಚಯ ಇಲ್ಲದವರೂ ಹಾಗೇ ಮಾತಾಡಿಸುತ್ತಾರೆ. ಲಿಫ್ಟ್‌ನಲ್ಲಿ, ಅಂಗಡಿ ಸಾಲಿನಲ್ಲಿ, ಎಲ್ಲಿ ನಿಂತರೂ ಮಾತು ಶುರುವಾಗುತ್ತದೆ.

ಈಗ ಕಮಿಂಗ್ ಪೇಟೆ. ಇದು ಫೋರ್ಸೈತ್ ಕೌಂಟಿ, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಒಳ್ಳೆಯ ಶಾಲೆ, ಹೊಸ ಮನೆಗಳು, ಸಂಜೆ ವಾಕಿಂಗ್ ಹೊರಟರೆ ಕನ್ನಡ, ತೆಲುಗು, ತಮಿಳು ಎಲ್ಲ ಕಿವಿಗೆ ಬೀಳುತ್ತದೆ. 2020ರ ಜನಗಣತಿ ಪ್ರಕಾರ ಇಲ್ಲಿ ಆರು ಜನರಲ್ಲಿ ಒಬ್ಬರಾದರೂ ಏಷ್ಯಾ ಮೂಲದವರು. ಮನೆ ತೋರಿಸುವ ಏಜೆಂಟ್ ಇದನ್ನೆಲ್ಲ ಖುಷಿಯಾಗಿ ಹೇಳುತ್ತಾರೆ. ಈ ಫಲಕದಲ್ಲಿ ಬರೆದಿರುವುದನ್ನು ಮಾತ್ರ ಹೇಳುವುದಿಲ್ಲ.

1912ರ ಸೆಪ್ಟೆಂಬರ್‌ನಲ್ಲಿ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಯುವಕನನ್ನು ಜನರ ಗುಂಪೊಂದು ಇಲ್ಲೇ ಕೊಂದು, ಶವವನ್ನು ಪೇಟೆ ನಡುವೆ ನೇತುಹಾಕಿತು. ಬಿಳಿಯ ಹುಡುಗಿಯೊಬ್ಬಳ ಮೇಲಿನ ಹಲ್ಲೆಯ ಆರೋಪ ಅದಕ್ಕೆ ನೆಪವಾಯಿತು. ಮುಂದಿನ ತಿಂಗಳುಗಳಲ್ಲಿ ರಾತ್ರೋರಾತ್ರಿ ಮನೆಗಳಿಗೆ ಗುಂಡು ಹಾರಿಸಿ, ಚರ್ಚ್‌ಗಳಿಗೆ ಬೆಂಕಿ ಇಟ್ಟು, ಈ ಕೌಂಟಿಯಲ್ಲಿದ್ದ ಸುಮಾರು 1,100 ಕಪ್ಪು ಜನರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಓಡಿಸಿದರು. ಹೊಲ, ಮನೆ, ಬೆಳೆ ಎಲ್ಲ ಬಿಟ್ಟು ಹೋದರು. ಅವರನ್ನು ಹಲವು ದಶಕ ಈ ಕಡೆ ಸುಳಿಯಲು ಬಿಡಲಿಲ್ಲ. 1987ರ ಜನವರಿಯಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಹೋಸಿಯಾ ವಿಲಿಯಮ್ಸ್ ಶಾಂತಿಯ ಮೆರವಣಿಗೆ ತಂದಾಗ ಅವರ ಮೇಲೆ ಕಲ್ಲು, ಬಾಟಲಿ ತೂರಿದರು. ಒಂದು ವಾರ ಬಿಟ್ಟು ಸುಮಾರು 20,000 ಜನ ಬಂದು ನಡೆದರು. ಈ ಫಲಕ ಎದ್ದು ನಿಂತದ್ದು 2021ರಲ್ಲಿ. 1987 ಅಂದರೆ ನಮ್ಮಲ್ಲಿ ಎಷ್ಟೋ ಜನ ಆಗಲೇ ಶಾಲೆಗೆ ಹೋಗುತ್ತಿದ್ದೆವು, ಅಲ್ವಾ? ಅಷ್ಟು ಈಚಿನ ಮಾತು ಇದು. ನಾವು ಗೃಹಪ್ರವೇಶ ಮಾಡಿಕೊಂಡು ಹಾಲು ಉಕ್ಕಿಸುತ್ತಿರುವುದು ಈ ನೆಲದ ಮೇಲೆ.

400 ಹೆದ್ದಾರಿ ಹಿಡಿದಿದ್ದೇವೆ. ಬೆಳಗ್ಗೆ ಎಂಟಕ್ಕೆ ಬಂದರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಬಲಕ್ಕೆ ಆಲ್ಫರೆಟ್ಟಾ ಹೋಯಿತು. ಆಫೀಸ್‌ಗಳು ಇಲ್ಲಿ, ಆದರೆ ರೈಲು ಇಲ್ಲಿಗೆ ಬರುವುದಿಲ್ಲ. ಇನ್ನೂ ಕೆಳಗೆ, ನಾರ್ತ್ ಸ್ಪ್ರಿಂಗ್ಸ್‌ನಲ್ಲಿ ನಿಂತುಬಿಡುತ್ತದೆ. ಮಾರ್ಟಾ ಅಂದರೆ ಈ ಊರಿನ ಬಸ್ಸು, ಮೆಟ್ರೋ ಎರಡೂ. ಆಲ್ಫರೆಟ್ಟಾದವರು ಅಂಗಡಿಯಲ್ಲಿ ಕೊಡುವ ಪ್ರತಿ ಡಾಲರ್‌ಗೂ ಒಂದು ಸೆಂಟ್ ಅದಕ್ಕೆ ಹೋಗುತ್ತದೆ, ಆದರೂ ಅವರಿಗೆ ಸಿಗುವುದು ಬಸ್ಸು ಮಾತ್ರ.

ರೈಲು ಬೆಳೆಯದಿರಲು ದುಡ್ಡೊಂದೇ ಕಾರಣ ಅಂದುಕೊಳ್ಳಬೇಡಿ. 1965ರಲ್ಲಿ ಅಟ್ಲಾಂಟಾ ಪಕ್ಕದ ಕಾಬ್ ಕೌಂಟಿ ಮಾರ್ಟಾ ಬೇಡ ಅಂತ ಮತ ಹಾಕಿತು. 1971ರಲ್ಲಿ ಅಕ್ಕಪಕ್ಕದ ಗ್ವಿನೆಟ್, ಕ್ಲೇಟನ್ ಕೌಂಟಿಗಳೂ ಬೇಡ ಅಂದವು. ಊರೊಳಗಿನ ಕಪ್ಪು ಜನ ರೈಲು ಹತ್ತಿ ತಮ್ಮ ಬಡಾವಣೆಗೆ ಬಂದುಬಿಡುತ್ತಾರೆ ಅನ್ನುವ ಭಯ ಆಗ ಬಿಳಿಯರ ಬಡಾವಣೆಗಳಲ್ಲಿ ಜೋರಾಗಿತ್ತು. 1979ರಲ್ಲಿ ರೈಲು ಓಡತೊಡಗಿತು, ಆದರೆ ಬೇಡ ಅಂದ ಕಡೆ ಹೋಗಲಿಲ್ಲ. 2019ರಲ್ಲಿ ಗ್ವಿನೆಟ್ ಮತ್ತೆ ಬೇಡ ಅಂದಿತು. 2024ರ ನವೆಂಬರ್‌ನಲ್ಲಿ ಬಸ್ ಸೌಕರ್ಯ ಬೆಳೆಸುವ ತೆರಿಗೆ ಮತಕ್ಕೆ ಬಂದಾಗ ಕಾಬ್, ಗ್ವಿನೆಟ್ ಎರಡೂ ಕಡೆ ಸೋತಿತು. ಈಗ ಅಲ್ಲಿ ವಲಸೆ ಬಂದವರೇ ಬೇಕಾದಷ್ಟಿದ್ದಾರೆ, ಭಾರತೀಯರೂ ಇದ್ದಾರೆ. ಕಾರ್ ಇದ್ದವರಿಗೆ ಬಸ್ಸಿನ ಚಿಂತೆ ಇರುವುದಿಲ್ಲ. ನನಗೆ ಅತಿ ಬೇಜಾರಾಗುವ ವಿಷಯ ಇದೇ.

ಈಗ ಊರೊಳಗೆ ಬಂದೆವು. ಇದು ಪಾನ್ಸ್ ಡಿ ಲಿಯಾನ್ ಅವೆನ್ಯೂ. ಸಿಗ್ನಲ್‌ನಲ್ಲಿ ಬೋರ್ಡ್ ಓದಿ. ಉತ್ತರಕ್ಕೆ ಹೋಗುವ ರಸ್ತೆ ಮನ್ರೋ ಡ್ರೈವ್. ಅದೇ ರಸ್ತೆ ನೇರವಾಗಿ ದಕ್ಷಿಣಕ್ಕೆ ಇಳಿದರೆ ಹೆಸರು ಬುಲೆವಾರ್ಡ್. ಸ್ವಲ್ಪ ಪೂರ್ವಕ್ಕೆ ಹೋದರೆ ಬ್ರಯರ್‌ಕ್ಲಿಫ್ ಇದ್ದದ್ದು ಮೋರ್‌ಲ್ಯಾಂಡ್ ಆಗುತ್ತದೆ. ಟಾರು ಅದೇ, ಫುಟ್‌ಪಾತ್ ಅದೇ. ಉತ್ತರದ ಬಿಳಿಯರಿಗೆ ದಕ್ಷಿಣದ ಕಪ್ಪು ಜನರ ಜೊತೆ ಒಂದೇ ವಿಳಾಸ ಬೇಡವಾಗಿತ್ತು. ಕಪ್ಪು ಜನರನ್ನು ಬೇರೆ ಇಟ್ಟ ಕಾನೂನು ಹೋಯಿತು, ಬೋರ್ಡ್ ಉಳಿಯಿತು.

ಇಲ್ಲೇ ಹತ್ತಿರ ಬೆಲ್ಟ್‌ಲೈನ್ ಇದೆ. ಹಳೆ ರೈಲು ಹಳಿಗಳ ಜಾಗದಲ್ಲಿ ಊರ ಸುತ್ತ 22 ಮೈಲಿಯ ನಡಿಗೆ ದಾರಿ ಮಾಡುವ ಯೋಜನೆ. ರಯನ್ ಗ್ರಾವೆಲ್ ಅನ್ನುವ ವಿದ್ಯಾರ್ಥಿ 1999ರಲ್ಲಿ ಬರೆದ ಪ್ರಬಂಧದಿಂದ ಹುಟ್ಟಿದ್ದು. ನಡೆಯಲು ಸೊಗಸಾಗಿದೆ. ಪಕ್ಕದ ಮನೆಗಳ ಬೆಲೆ ಏರಿ, ಹಳಬರು ಊರು ಬಿಡಬೇಕಾಯಿತು. ಅದೇ ಚಿಂತೆಯಿಂದ ಗ್ರಾವೆಲ್ 2016ರಲ್ಲಿ ಅದರ ಸಂಸ್ಥೆಯ ಮಂಡಳಿಯಿಂದ ಹೊರಬಂದರು.

ಆಬರ್ನ್ ಅವೆನ್ಯೂ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಬೀದಿ. ಅವರ ಎಬೆನೆಜರ್ ಚರ್ಚ್, ಸಮಾಧಿ ಇಲ್ಲೇ ಇವೆ. ಗಾಂಧೀಜಿಯ ಪ್ರತಿಮೆಯೂ ಇದೆ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ನಮ್ಮವರು ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಒಳ್ಳೆಯದೇ. ಇನ್ನೊಂದಿಷ್ಟು ದೂರ ನಡೆಯಿರಿ. ತಲೆ ಮೇಲೆ ಗುಡುಗುಟ್ಟುವ ಈ ಹೆದ್ದಾರಿ ನೋಡಿ. ಕಪ್ಪು ವ್ಯಾಪಾರಿಗಳ ಬ್ಯಾಂಕು, ವಿಮಾ ಕಂಪನಿ, ಪತ್ರಿಕೆ ಎಲ್ಲ ತುಂಬಿ ತುಳುಕುತ್ತಿದ್ದ ಬೀದಿಯನ್ನು ಇದು ನಡುವೆಯೇ ಸೀಳಿಕೊಂಡು ಹೋಯಿತು. ದೇವಸ್ಥಾನಕ್ಕೆ ಹೋಗುವಾಗ ನಾವು ಹಾಯುವುದು ಇದರ ಮೇಲೆಯೇ.

ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತೀರಾ ಬಡ ಐದನೇ ಒಂದು ಪಾಲಿನ ಮನೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟು ಜನ ಶ್ರೀಮಂತ ಐದನೇ ಒಂದು ಪಾಲಿಗೆ ಏರುತ್ತಾರೆ? ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೂರಕ್ಕೆ ಸುಮಾರು 13. ಅಟ್ಲಾಂಟಾದಲ್ಲಿ 5ಕ್ಕೂ ಕಡಿಮೆ. ಎರಡೂ ಕೆಲಸ ಹುಡುಕಿಕೊಂಡು ಜನ ಬರುವ ಊರುಗಳೇ. ಜನ ಬೇರೆ ಬೇರೆಯಾಗಿ ವಾಸಿಸುವ ಕಡೆ ಮಕ್ಕಳು ಮೇಲೇರುವುದು ಕಷ್ಟ ಅಂತ ಅವರೇ ಕಂಡುಕೊಂಡರು.

ರಿವರ್‌ಡೇಲ್ ಬಂತು. ವೆಂಕಟೇಶ್ವರನ ಬಿಳಿ ಗೋಪುರ ಕಾಣಿಸುತ್ತಿದೆ. ಇದು ಕ್ಲೇಟನ್ ಕೌಂಟಿ, ಇಲ್ಲಿ ಕಪ್ಪು ಜನರೇ ಜಾಸ್ತಿ. ಇವರ ಸ್ವಂತ ಬಸ್ ಸೇವೆ 2010ರಲ್ಲಿ ನಿಂತುಹೋಯಿತು. ಸುಮಾರು ಐದು ವರ್ಷ ಇಲ್ಲಿ ಊರ ಬಸ್ಸೇ ಇರಲಿಲ್ಲ. ಕಾರಿಲ್ಲದವರಿಗೆ ಕೆಲಸ, ಆಸ್ಪತ್ರೆ ಎಲ್ಲ ದೂರವಾದವು. 2014ರಲ್ಲಿ ಇದೇ ಜನ ತೆರಿಗೆ ಕೊಡುತ್ತೇವೆ ಅಂತ ಮತ ಹಾಕಿ ಮಾರ್ಟಾ ಸೇರಿದರು. ಮರುವರ್ಷ ಬಸ್ಸು ಬಂತು. ಪ್ರಸಾದ ತಿಂದು ನೇರ ಕಾರು ಹತ್ತಿ ಉತ್ತರಕ್ಕೆ ಓಡಬೇಡಿ. ಇಲ್ಲೇ ಒಂದು ಊಟ ಮಾಡಿ, ಇಲ್ಲಿನವರ ಅಂಗಡಿಯಲ್ಲಿ ಏನಾದರೂ ಕೊಳ್ಳಿ, ನಾಲ್ಕು ಮಾತಾಡಿ. ಅವರಂತೂ ಮಾತಾಡಿಸಿಯೇ ಮಾತಾಡಿಸುತ್ತಾರೆ.

ಮನೆ ಎಲ್ಲಿ ಮಾಡಲಿ ಅಂತ ಕೇಳಿದವರಿಗೆ: ಒಬ್ಬರೇ ಅಥವಾ ಇಬ್ಬರೇ ಇದ್ದರೆ ಡಿಕೇಟರ್, ಡೊರಾವಿಲ್, ಈಸ್ಟ್ ಪಾಯಿಂಟ್ ನೋಡಿ. ರೈಲು ಮನೆ ಹತ್ತಿರವೇ ಬರುತ್ತದೆ. ಮಕ್ಕಳ ಶಾಲೆಗಾಗಿ ಉತ್ತರಕ್ಕೇ ಬರುವುದಾದರೆ ಅದೂ ಸರಿ. ಇನ್ನು ಇಲ್ಲೇ ಪೌರತ್ವ ಸಿಕ್ಕವರೇ, ಬಸ್ಸು ರೈಲಿನ ಪ್ರಶ್ನೆ ಮತಪತ್ರಕ್ಕೆ ಮತ್ತೆ ಬಂದೇ ಬರುತ್ತದೆ. ಬೇಕು ಅಂತ ಒತ್ತಿ. ಚುನಾವಣೆ ದಿನ ಆಫೀಸ್ ಇದ್ದರೂ ಚಿಂತೆಯಿಲ್ಲ. ಜಾರ್ಜಿಯಾದಲ್ಲಿ ಅದಕ್ಕೂ ಮುಂಚೆ ಸುಮಾರು ಮೂರು ವಾರ ಮತ ಹಾಕಬಹುದು, ಶನಿವಾರವೂ ತೆರೆದಿರುತ್ತದೆ.