ಹಿಂದಿನ ಸೀಟಿನವರನ್ನು ಕೇಳಿ ಗಾಡಿ ಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ದೂರದ ಊರುಗಳಿಗೆ ಇಬ್ಬರೂ ಹೋಗಿಬರೋಣ ಅಂತ ಕ್ರೂಸರ್ ಬೈಕ್ ಕೊಳ್ಳಲು ಹೊರಟ ಗಂಡಹೆಂಡಿರು ಷೋರೂಮಿನಲ್ಲಿ ಏನು ಮಾಡುತ್ತಾರೆ, ಗಮನಿಸಿದ್ದೀರಾ? ಯಜಮಾನರು ಒಂದು ಸುತ್ತು ಓಡಿಸಿಕೊಂಡು ಬರುತ್ತಾರೆ. ಆಕೆ ಕುರ್ಚಿಯಲ್ಲಿ ಕೂತು ಬಣ್ಣ ನೋಡುತ್ತಾರೆ. ವರ್ಷಗಟ್ಟಲೆ ಹಿಂದೆ ಕೂರಬೇಕಾದವರು ಆ ಸೀಟಿನ ಮೇಲೆ ಒಂದು ಸಲವೂ ಕೂತಿರುವುದಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತೇ ಬಹಳ ಊರು ನೋಡಿದವಳು. ಗಾಡಿಯ ಆಯ್ಕೆ ಆ ಸೀಟಿನಿಂದಲೇ ಶುರುವಾಗಬೇಕು ಅನ್ನುವುದು ನನ್ನ ಮಾತು.

ಕ್ರೂಸರ್ ಅಂದರೆ ತಗ್ಗಿನ ಸೀಟು, ಮುಂದಕ್ಕೆ ಚಾಚಿದ ಕಾಲು, ಅಗಲವಾದ ಹ್ಯಾಂಡಲ್. ಈ ಸುಖವೆಲ್ಲ ಓಡಿಸುವವರದು. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೇ ಕೂತಿರುತ್ತಾರೆ. ಗಾಡಿ ತಗ್ಗಾಗಿರಲಿ ಅಂತ ಹಿಂದಿನ ಶಾಕ್ ಅಬ್ಸಾರ್ಬರ್ ಮೇಲೆ ಕೆಳಗೆ ಆಡುವ ಜಾಗವನ್ನೂ ಕಡಿಮೆ ಇಟ್ಟಿರುತ್ತಾರೆ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650ಯಲ್ಲಿ ಅದು ಸುಮಾರು 100 ಮಿಲಿಮೀಟರ್, ಅಷ್ಟೆ. ಮುಂದಿನವರಿಗೆ ಗುಂಡಿ ಕಾಣುತ್ತದೆ, ಮೈ ಬಿಗಿ ಹಿಡಿಯುತ್ತಾರೆ. ಹಿಂದಿನವರಿಗೆ ಅದು ಗೊತ್ತಾಗುವುದು ಬೆನ್ನುಮೂಳೆಗೆ ಏಟು ಬಿದ್ದಾಗಲೇ.

ಆದ್ದರಿಂದ ಟೆಸ್ಟ್ ರೈಡಿಗೆ ಇಬ್ಬರೂ ಹೋಗಿ. ಹೆಲ್ಮೆಟ್ ಹಾಕಿಕೊಂಡು, ಪ್ರಯಾಣಕ್ಕೆ ಹಾಕುವ ಶೂ ಹಾಕಿಕೊಂಡು ಹೋಗಿ. ಎರಡು ಮೂರು ಹಂಪ್ಸ್ ಇರುವ ರಸ್ತೆಯಲ್ಲೇ ಓಡಿಸಿ. ಹಿಂದಿನವರ ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ, ಒಂದು ಗಂಟೆಯೊಳಗೆ ಕಾಲು ಜೋಮು ಹಿಡಿಯುವುದು ಗ್ಯಾರಂಟಿ. ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರಿ ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿಯುತ್ತದೆಯೇ, ಕೈಗೆ ಹಿಡಿ ಸಿಗುತ್ತದೆಯೇ, ಸೈಲೆನ್ಸರ್ ಕಾಲಿಗೆ ತಾಕುತ್ತದೆಯೇ ನೋಡಿ. ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಫುಟ್‌ರೆಸ್ಟ್, ಚಕ್ರವನ್ನು ಅರ್ಧದಷ್ಟಾದರೂ ಮುಚ್ಚುವ ಸೀರೆ ಗಾರ್ಡ್ ಇರಲೇಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದ ಕೆಡುತ್ತದೆ ಅಂತ ಅದನ್ನು ಬಿಚ್ಚಿಸುವವರಿದ್ದಾರೆ. ದಯವಿಟ್ಟು ಬಿಚ್ಚಿಸಬೇಡಿ.

ಬೆನ್ನಿಗೆ ಆನಿಕೆ, ಅಂದರೆ ಬ್ಯಾಕ್‌ರೆಸ್ಟ್, ನನ್ನ ಲೆಕ್ಕದಲ್ಲಿ ಅಲಂಕಾರವಲ್ಲ. ಅದಿಲ್ಲದೆ ದೂರ ಹೋದರೆ ಹಿಂದಿನವರು ದಾರಿಯುದ್ದಕ್ಕೂ ಹೊಟ್ಟೆಯ ಸ್ನಾಯು ಬಿಗಿಹಿಡಿದೇ ಕೂತಿರಬೇಕಾಗುತ್ತದೆ. ಅದೇ ಕಂಪನಿಯ ಚಿಕ್ಕ ಕ್ರೂಸರ್ ಮೀಟಿಯರ್ 350ರ ದುಬಾರಿ ಮಾದರಿಗಳಲ್ಲಿ, ಸೂಪರ್ ಮೀಟಿಯರ್‌ನ ಸೆಲೆಸ್ಟಿಯಲ್ ಮಾದರಿಯಲ್ಲಿ ಅದು ಗಾಡಿಯ ಜೊತೆಗೇ ಬರುತ್ತದೆ. ಹಿಂದಿನ ಸೀಟೇ ಇಲ್ಲದ ಜಾವಾ ಪೆರಾಕ್‌ನಂಥ ಬಾಬರ್‌ಗಳು ಕಣ್ಣಿಗೆ ಚೆಂದ, ಆದರೆ ಇಬ್ಬರ ಪ್ರಯಾಣಕ್ಕೆ ಅವುಗಳ ಮಾತೇ ಬೇಡ.

ಇನ್ನು ಎಂಜಿನ್. ಮನೆಯಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ಇದೇ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕಾನೂನು ಒಪ್ಪುವ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. 80ರಲ್ಲಿ ಸಾಗಲು ಮೀಟಿಯರ್ 350ರ 20 ಅಶ್ವಶಕ್ತಿ ಸಾಕು. ಹಾಗಾದರೆ 47 ಅಶ್ವಶಕ್ತಿಯ 650 ಯಾಕೆ ಬೇಕು? ವೇಗಕ್ಕಲ್ಲ, ಭಾರಕ್ಕೆ. ಇಬ್ಬರೂ ಬ್ಯಾಗುಗಳೂ ಸೇರಿ 150–160 ಕಿಲೋ ಹೊತ್ತು, ಚಾರ್ಮಾಡಿ ಕಡೆಯಿಂದ ಕೊಟ್ಟಿಗೆಹಾರಕ್ಕೆ ಘಾಟಿ ಹತ್ತುವಾಗ ಮುಂದೊಂದು ಲಾರಿ ಸಿಕ್ಕಿತೆನ್ನಿ. 350 ಗಾಡಿಯಾದರೆ ಗೇರ್ ಇಳಿಸಿ, ತಿರುವು ದಾಟಿ, ನೇರ ರಸ್ತೆ ಸಿಗುವವರೆಗೆ ತಾಳ್ಮೆಯಿಂದ ಕಾಯಬೇಕು. 650ಕ್ಕೆ ಚಿಕ್ಕದೊಂದು ತೆರವು ಸಿಕ್ಕರೂ ಸಾಕು. ತಿಂಗಳಿಗೆರಡು ಸಲ ಮಲೆನಾಡು, ಕರಾವಳಿ ಅಂತ ಹೊರಡುವವರಿಗೆ ಈ ವ್ಯತ್ಯಾಸ ದೊಡ್ಡದು. ವರ್ಷಕ್ಕೆ ಮೂರು ನಾಲ್ಕು ಪ್ರವಾಸ, ಉಳಿದಂತೆ ಆಫೀಸು, ಮಾರ್ಕೆಟ್ಟು ಅನ್ನುವವರಿಗೆ 350 ಧಾರಾಳವಾಗಿ ಸಾಕು.

ಯಾಕೆಂದರೆ ತೂಕವನ್ನೂ ನೋಡಬೇಕಲ್ಲ. ಮೀಟಿಯರ್ 350 ಸುಮಾರು 191 ಕಿಲೋ, ಸೂಪರ್ ಮೀಟಿಯರ್ 241 ಕಿಲೋ. ಓಡುವಾಗ ಆ 50 ಕಿಲೋ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ, ಜಲ್ಲಿಕಲ್ಲಿನ ಮೇಲೆ, ಹಿಂದೆ ಆಳು ಕೂರಿಸಿಕೊಂಡು ನಿಲ್ಲಿಸುವಾಗ ಗೊತ್ತಾಗುತ್ತದೆ. 650ಯ ಸೀಟು ನೆಲದಿಂದ 740 ಮಿಲಿಮೀಟರ್ ಮಾತ್ರ ಎತ್ತರ, 350ರದು 765. ಹಾಗಾಗಿ ಹೆಚ್ಚಿನವರಿಗೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ. ಅದೊಂದು ಸಮಾಧಾನ. ಬೆಲೆಯ ಅಂತರವೂ ಹಿಗ್ಗಿದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇಕಡಾ 18, ಅದಕ್ಕೆ ಮೇಲ್ಪಟ್ಟವಕ್ಕೆ ಶೇಕಡಾ 40.

ಗಾಡಿ ಮನೆಗೆ ಬಂದ ಮೇಲೆ ಬಹಳ ಜನ ಮರೆಯುವ ಕೆಲಸವೊಂದಿದೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಬಳೆ ಇರುತ್ತದೆ. ಟೂಲ್ ಕಿಟ್‌ನ ಕೊಕ್ಕೆ ಸ್ಪ್ಯಾನರ್‌ನಿಂದ ಅದನ್ನು ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಬಹುದು. ಒಬ್ಬರೇ ಓಡಿಸುವಾಗ ಇದ್ದ ಮಟ್ಟದಲ್ಲೇ ಇಬ್ಬರು ಕೂತರೆ ಹಿಂಭಾಗ ಕುಸಿದು, ಪ್ರತಿ ಹಂಪ್ಸಿಗೂ ಕೆಳಗೆ ಗೀರುತ್ತದೆ, ಹೆಡ್‌ಲೈಟ್ ಮರದ ಮೇಲೆ ಬೀಳುತ್ತದೆ. ಎರಡೂ ಕಡೆ ಒಂದೇ ಮೆಟ್ಟಿಲಿಗೆ ಏರಿಸಿ. ಹಿಂದಿನ ಟಯರಿನ ಗಾಳಿಯನ್ನೂ ಕೈಪಿಡಿಯಲ್ಲಿ ಇಬ್ಬರಿಗೆಂದು ಕೊಟ್ಟ ಅಳತೆಗೆ ತುಂಬಿಸಿ, ಅದೂ ಟಯರು ತಣ್ಣಗಿರುವಾಗ. ಇಷ್ಟು ಮಾಡಿದರೆ ಅದೇ ಗಾಡಿ, ಅದೇ ಸೀಟು ಎಷ್ಟು ಹಿತವಾಗುತ್ತದೆ ಅನ್ನುವುದನ್ನು ನನ್ನ ಬೆನ್ನು ಬಲ್ಲದು.

ಹೆಲ್ಮೆಟ್ ಇಬ್ಬರಿಗೂ ಬೇಕು, ಇಬ್ಬರದೂ ಐಎಸ್‌ಐ ಗುರುತಿನ, ಪೂರ್ತಿ ಮುಖ ಮುಚ್ಚುವಂಥದ್ದೇ ಆಗಲಿ. ಹಿಂದಿನವರಿಗೆ ಹಗುರವಾದ ಅರ್ಧ ಟೋಪಿ ಸಾಕು ಅನ್ನುವ ಲೆಕ್ಕಾಚಾರ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಕ್ರೂಸರ್‌ನಲ್ಲಿ ಹಿಂದಿನ ಸೀಟು ಸ್ವಲ್ಪ ಎತ್ತರದಲ್ಲಿರುವುದರಿಂದ ಮುಂದಿನ ಗಾಜು ತಡೆಯದ ಗಾಳಿಯೆಲ್ಲ ಬಂದು ಬಡಿಯುವುದು ಅವರ ತಲೆಗೇ.

ಮೀಟಿಯರ್ 350ರ ಟ್ಯಾಂಕಿನಲ್ಲಿ 15 ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ಒಮ್ಮೆ ತುಂಬಿಸಿದರೆ ಬೆಂಗಳೂರಿನಿಂದ ಚಿಕ್ಕಮಗಳೂರು ದಾಟಿ ಹೋಗಬಹುದು. ಆದರೆ ಟ್ಯಾಂಕು ಬರಿದಾಗುವ ಎಷ್ಟೋ ಮೊದಲೇ ಹಿಂದೆ ಕೂತವರ ಸೊಂಟ ದಣಿದಿರುತ್ತದೆ. ಎಪ್ಪತ್ತು ಎಂಬತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ. ಕುಣಿಗಲ್ ಆಗಲಿ, ಚನ್ನರಾಯಪಟ್ಟಣವಾಗಲಿ, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಹಿಂದೆ ಕೂತವರೇ ಹೇಳಲಿ. ಹೆಗಲಿನ ಮೇಲೆ ಎರಡು ಸಲ ತಟ್ಟಿದರೆ ನಿಲ್ಲಿಸಬೇಕು ಅಂತ ಹೊರಡುವ ಮೊದಲೇ ಮಾತಾಡಿಕೊಂಡಿರಿ.

ನಮಸ್ಕಾರ.