ಪೈಲಟ್ ಮೇಲಿನ ನಂಬಿಕೆ, ಪೈಲಟ್ ಕಿವಿಯ ಮೋಸ

ಕೇಳುಗರಿಗೆ ನಮಸ್ಕಾರ.

ಹೆಲಿಕಾಪ್ಟರ್ ಬಿತ್ತು ಅಂದ ಕೂಡಲೇ ನಮಗೆ ಅನುಮಾನ ಬರುವುದು ಎಂಜಿನ್ ಮೇಲೆ. ಆದರೆ 2020ರ ಜನವರಿ 26ರಂದು ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ, ಕ್ಯಾಲಬಾಸಸ್ ಗುಡ್ಡಕ್ಕೆ ಬಡಿದ ಸಿಕೋರ್ಸ್ಕಿ ಹೆಲಿಕಾಪ್ಟರಿನ ಎಂಜಿನ್ನುಗಳಲ್ಲಿ ಯಾವ ದೋಷವೂ ಸಿಗಲಿಲ್ಲ. ಬಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್, ಅವರ 13 ವರ್ಷದ ಮಗಳು ಸೇರಿ ಒಳಗಿದ್ದ ಒಂಬತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಪೈಲಟ್ ಎಳಸು ಅಲ್ಲ. 8,000 ಗಂಟೆಗಿಂತ ಜಾಸ್ತಿ ಹಾರಿದವರು. ಉಪಕರಣ ನೋಡಿಕೊಂಡೇ ಹಾರುವುದನ್ನು ಬೇರೆಯವರಿಗೆ ಕಲಿಸುವ ಅರ್ಹತೆಯೂ ಇತ್ತು. ಬ್ರಯಂಟ್‌ಗೆ ಅವರೆಂದರೆ ಅಚ್ಚುಮೆಚ್ಚು, ಮಕ್ಕಳನ್ನೂ ಅವರ ಜೊತೆ ಕಳಿಸುವಷ್ಟು ನಂಬಿಕೆ.

ಆವತ್ತು ದಟ್ಟ ಮಂಜು. ಹೆಲಿಕಾಪ್ಟರ್ ನಡೆಸುತ್ತಿದ್ದ ಕಂಪನಿಗೆ ಇದ್ದ ಅನುಮತಿ ಹೊರಗೆ ಕಣ್ಣಿಗೆ ಕಾಣುವಾಗ ಹಾರುವುದಕ್ಕೆ ಮಾತ್ರ. ದಾರಿಯಲ್ಲೇ ವ್ಯಾನ್ ನೈಸ್ ವಿಮಾನ ನಿಲ್ದಾಣ ಇತ್ತು. ಇಳಿದು, ಕಾರಲ್ಲಿ ಹೋಗೋಣ ಅನ್ನಬಹುದಿತ್ತು. ಅನ್ನಲಿಲ್ಲ. ಬೇಗ ಹೋಗು ಅಂತ ಬ್ರಯಂಟ್ ಆಗಲಿ, ಬೇರೆ ಯಾರೇ ಆಗಲಿ ಒತ್ತಡ ಹಾಕಿದ ಸುಳಿವು ತನಿಖೆಯಲ್ಲಿ ಸಿಗಲಿಲ್ಲ. ಪೈಲಟ್ ತಮ್ಮ ಮೇಲೆ ತಾವೇ ಒತ್ತಡ ಹೇರಿಕೊಂಡಿರಬೇಕು ಎಂದಿತು ವರದಿ. ಅಷ್ಟು ನಂಬಿದವರಿಗೆ 'ಇವತ್ತು ಆಗಲ್ಲ' ಅನ್ನುವುದಕ್ಕೆ ಬಾಯಿ ಬರಬೇಕಲ್ಲ!

ಮೋಡದೊಳಗೆ ಹೊಕ್ಕ ಮೇಲೆ ಇನ್ನೊಂದು ನಂಬಿಕೆ ಕೈಕೊಡುತ್ತದೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಪುಟ್ಟ ಕೊಳವೆಗಳಿವೆ. ತಲೆ ತಿರುಗಿಸಿದರೆ ದ್ರವ ಸ್ವಲ್ಪ ಹಿಂದೆ ಬೀಳುತ್ತದೆ. ತಿರುಗಿದ್ದು ಗೊತ್ತಾಗುವುದು ಹಾಗೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ? ಸ್ವಲ್ಪ ಹೊತ್ತಿಗೆ ದ್ರವವೂ ಜೊತೆಗೇ ತಿರುಗತೊಡಗುತ್ತದೆ. ಆಗ ಕಿವಿ 'ನೇರ ಹೋಗ್ತಿದ್ದೀವಿ' ಅನ್ನುತ್ತದೆ. ನೆಲ ಕಾಣುತ್ತಿದ್ದರೆ ಕಣ್ಣು ಆ ಸುಳ್ಳನ್ನು ಹಿಡಿಯುತ್ತದೆ. ಮಂಜಿನಲ್ಲಿ ಹಿಡಿಯುವುದು ಉಪಕರಣ ಮಾತ್ರ. ಆ ಗಳಿಗೆಯಲ್ಲಿ ಮೈಯೆಲ್ಲಾ ಒಂದು ಹೇಳುತ್ತಿರುವಾಗ ಸೂಜಿಯ ಮಾತು ಕೇಳುವುದು ಸುಲಭವಲ್ಲ, ಎಷ್ಟೇ ಪಳಗಿದವರಿಗೂ.

4,000 ಅಡಿಗೆ ಏರುತ್ತಿದ್ದೇನೆ ಎಂದು ಪೈಲಟ್ ರೇಡಿಯೋದಲ್ಲಿ ಹೇಳಿದರು. ಹೆಲಿಕಾಪ್ಟರ್ ಎಡಕ್ಕೆ ವಾಲಿ ಕೆಳಗಿಳಿಯುತ್ತಿತ್ತು.

ನಮ್ಮಲ್ಲೂ ಇಂಥದ್ದು ಆಗಿದೆ. 2021ರ ಡಿಸೆಂಬರ್ 8ರಂದು ಕೂನೂರಿನ ಹತ್ತಿರ ಜನರಲ್ ಬಿಪಿನ್ ರಾವತ್ ಇದ್ದ ಎಂಐ-17 ಹೆಲಿಕಾಪ್ಟರ್ ಬಿತ್ತು. ಅದರಲ್ಲಿ ಬದುಕುಳಿದಿದ್ದ ಒಬ್ಬರೇ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರ ಹೋರಾಡಿ, ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಣಿವೆಯಲ್ಲಿ ಹವಾಮಾನ ದಿಢೀರನೆ ಬದಲಾಗಿ, ಮೋಡದೊಳಗೆ ಹೊಕ್ಕು, ಪೈಲಟ್‌ಗೆ ದಿಕ್ಕು ತಪ್ಪಿತು ಎಂದಿತು ವಾಯುಪಡೆಯ ತನಿಖೆ. ಯಂತ್ರ ಕೆಟ್ಟಿರಲಿಲ್ಲ.

ಇಂಥ ವರದಿ ಬಂದಾಗ ಪೇಪರಿನಲ್ಲಿ 'ಪೈಲಟ್ ತಪ್ಪು' ಅಂತ ಒಂದು ಸಾಲು ಬರುತ್ತದೆ, ಕತೆ ಮುಗಿಯಿತು. ಇದು ನನಗೆ ಒಪ್ಪಿಗೆಯಿಲ್ಲ. ಕ್ಯಾಲಬಾಸಸ್ ತನಿಖೆ ಅಲ್ಲಿಗೆ ನಿಲ್ಲಲಿಲ್ಲ, ಕಂಪನಿಯ ಮೇಲ್ವಿಚಾರಣೆ ಸಾಲದು ಎಂದೂ ಬರೆಯಿತು. ಅಲ್ಲಿ ಹಾರುವ ಮೊದಲು ಅಪಾಯದ ಲೆಕ್ಕ ಹಾಕುವ ಫಾರಂ ಇತ್ತು. ಹವಾಮಾನ ಬದಲಾದರೆ ಮತ್ತೆ ತುಂಬಬೇಕು. ಆವತ್ತು ಮತ್ತೆ ತುಂಬಿರಲಿಲ್ಲ. ತುಂಬಿದ್ದರೂ ಅಂಕ 'ಕಡಿಮೆ ಅಪಾಯ'ದಲ್ಲೇ ಬರುತ್ತಿತ್ತಂತೆ! ಆದರೆ ಪೈಲಟ್ ಕಂಪನಿಯ ಮೇಲಧಿಕಾರಿಯನ್ನು ಕೇಳಬೇಕಾಗುತ್ತಿತ್ತು. ಮುಂದೆ ಹೋಗಲಾಗದಿದ್ದರೆ ಏನು ಮಾಡುತ್ತೀರಿ ಅನ್ನುವುದನ್ನು ನೆಲದ ಮೇಲಿರುವಾಗಲೇ ಬರೆದುಕೊಡಬೇಕಾಗುತ್ತಿತ್ತು.